ಮುಳ್ಳಕ್ಕ ಕಾರು ತಳ್ಳಿದ ದಿನ

ಮುಳ್ಳಕ್ಕನ ಅಂಗಡಿಯ ಬಾಗಿಲ ಮೇಲೆ ಒಂದು ತಗಡಿನ ಬೋರ್ಡು ಇತ್ತು. ‘ಇಲ್ಲಿ ರಿಪೇರಿಯಾದ ಮೀಟರ್ ತಪ್ಪು ತೋರಿಸಿ ಗಾಡಿ ನಿಂತುಹೋದರೆ, ಮನೆ ತನಕ ನಾನೇ ತಳ್ಳುತ್ತೇನೆ’ ಎಂದು ಅದರ ಮೇಲೆ ಬರೆದಿತ್ತು. ಬರೆಸಿದಾಗ ಅವಳಿಗೆ ಮೂವತ್ತೆರಡು ವಯಸ್ಸು. ಈಗ ಅದರ ಎರಡರಷ್ಟು. ನಡುವಿನ ಇಷ್ಟು ವರ್ಷಗಳಲ್ಲಿ ಅವಳು ಕಾರಿರಲಿ, ಮಗುವಿನ ಮೂರು ಗಾಲಿಯ ಸೈಕಲ್ಲನ್ನೂ ತಳ್ಳಬೇಕಾಗಿ ಬಂದಿರಲಿಲ್ಲ. ಅಕ್ಷರಗಳು ಬಿಸಿಲಿಗೆ ಎಷ್ಟು ಮಾಸಿದ್ದವೆಂದರೆ, ಅಲ್ಲಿ ಏನಿದೆ ಎಂದು ಮೊದಲೇ ಗೊತ್ತಿದ್ದವರು ಮಾತ್ರ ಓದಬಹುದಿತ್ತು. ಗೊತ್ತಿಲ್ಲದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ, ಅದು ಬೇರೆ ಮಾತು.

ಅವಳು ಗಡಿಯಾರ ರಿಪೇರಿಯವನ ಮಗಳು. ತೊಟ್ಟಿಲಲ್ಲಿ ಮಲಗಿದ್ದಾಗಲೇ ಗೋಡೆಯ ಮೇಲಿನ ಹದಿನೇಳು ಗಡಿಯಾರಗಳಲ್ಲಿ ಯಾವುದು ಹಿಂದೆ ಬಿದ್ದಿದೆ ಎಂದು ಅಳುವಿನಲ್ಲೇ ತಿಳಿಸುತ್ತಿದ್ದಳಂತೆ. ಅಪ್ಪ ತೀರಿಕೊಂಡ ಮೇಲೆ ಜನ ಗಡಿಯಾರವನ್ನು ರಿಪೇರಿ ಮಾಡಿಸುವುದನ್ನೇ ಬಿಟ್ಟರು. ಆಗ ಅವಳು ಅಪ್ಪನ ಚಿಮಟ, ಕಣ್ಣಿಗೆ ಕಚ್ಚಿಸಿಕೊಳ್ಳುವ ಭೂತಗನ್ನಡಿ ಎರಡನ್ನೂ ಎತ್ತಿಕೊಂಡು ಕಾರುಗಳ ಕಡೆ ತಿರುಗಿದಳು. ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಎಂದರೇನು? ಮೂರು ನಾಲ್ಕು ಗಡಿಯಾರಗಳನ್ನು ಸಾಲಾಗಿ ಕೂರಿಸಿದ ಹಲಗೆ. ಅಲ್ಲೂ ಗಾಜು, ಅಲ್ಲೂ ಮುಳ್ಳು. ವೇಗದ ಮುಳ್ಳು, ಪೆಟ್ರೋಲಿನ ಮುಳ್ಳು, ಬಿಸಿಯ ಮುಳ್ಳು, ಎಲ್ಲವೂ ಅವಳ ಕೈಗೆ ಬಂದವು. ಅವಳಿಗೆ ಆ ಹೆಸರು ಬಂದದ್ದೂ ಹಾಗೆಯೇ.

ಅವಳ ಪ್ರಕಾರ ಮುಳ್ಳಿಗೆ ಇರುವುದು ಮೂರೇ ಕಾಯಿಲೆ. ಒಂದೋ ಸುಳ್ಳು ಹೇಳುತ್ತದೆ, ಒಂದೋ ಮಲಗಿಬಿಡುತ್ತದೆ, ಒಂದೋ ಕುಣಿಯುತ್ತದೆ. ಈ ಮೂರರಲ್ಲೂ ಅರ್ಧಕ್ಕರ್ಧ ತಪ್ಪು ಮುಳ್ಳಿನದಲ್ಲ, ಅದಕ್ಕೆ ಸುದ್ದಿ ತಂದುಕೊಡುವ ತಂತಿಯದು. ಆದ್ದರಿಂದ ಬಂದ ಕೂಡಲೇ ಡ್ಯಾಶ್‌ಬೋರ್ಡ್ ಬಿಚ್ಚುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅವಳು ಮೊದಲು ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಊರು ಸುತ್ತಿ ಬರುತ್ತಿದ್ದಳು. ವೈದ್ಯರು ನಾಡಿ ಹಿಡಿದು ಕೂತ ಹಾಗೆ ಕೂತು, ಮುಳ್ಳನ್ನೇ ನೋಡುತ್ತಿದ್ದಳು. ಬಂದು ಇಳಿಯುವಾಗ ಕಾಯಿಲೆಯ ಹೆಸರು ಹೇಳುತ್ತಿದ್ದಳು.

ಅಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದವಳು ಸೊಸೆ. ಬೆಸುಗೆ ಹಾಕುವುದರಲ್ಲಿ ಆ ಹುಡುಗಿಯ ಕೈ ಎಷ್ಟು ಚೊಕ್ಕಟವೆಂದರೆ, ಸೊಳ್ಳೆಯ ಮುರಿದ ಕಾಲನ್ನು ಕೊಟ್ಟರೂ ಕೂಡಿಸಿಬಿಡುವಳು. ಮಾತು ಮಾತ್ರ ಬೆಸುಗೆಯ ಕಡ್ಡಿಗಿಂತ ಬಿಸಿ. ಅತ್ತೆಯ ಮಂಡಿಗಳು ಕೆಟ್ಟಿದ್ದವು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಲು ಮುಳ್ಳಕ್ಕ ಮಂಡಿಯೂರಿದರೆ ಆ ಲಟಲಟ ಸದ್ದಿಗೆ ಎದುರು ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಡಾಕ್ಟರು ಕೆಲಸ ಬಿಡಿ ಎಂದಿದ್ದರು. ಸೊಸೆ ದಿನಕ್ಕೆ ನಾಲ್ಕು ಸಲ ಅದನ್ನೇ ಹೇಳುತ್ತಿದ್ದಳು. ಕಡೆಗೊಂದು ದಿನ ಅತ್ತೆ ಸೊಸೆಯ ನಡುವೆ ಒಪ್ಪಂದವಾಯಿತು.

“ಅತ್ತೆ, ಒಂದು ಮಾತು ಕೊಡಿ. ಬೋರ್ಡಲ್ಲಿ ಬರೆದಿರೋ ಹಾಗೆ ಒಂದೇ ಒಂದು ಕಾರು ತಳ್ಳೋ ಹಾಗಾದ್ರೂ ಸಾಕು, ಆವತ್ತೇ ಬೋರ್ಡ್ ಇಳಿಸಬೇಕು. ಮಾರನೇ ದಿನದಿಂದ ನೀವು ಮನೇಲಿರಬೇಕು.”

“ಕೊಟ್ಟೆ ಹೋಗೆ. ನೀನು ಮುದುಕಿಯಾಗಿ ನಿನ್ನ ಸೊಸೆ ನಿನಗೆ ಇದನ್ನೇ ಹೇಳೋ ತನಕ ಆ ಬೋರ್ಡ್ ಅಲ್ಲೇ ಇರುತ್ತೆ.”

ಹಾಗೆ ಹೇಳಿದ ಮುಳ್ಳಕ್ಕನಿಗೆ ಒಳಗೊಳಗೇ ಸ್ವಲ್ಪ ಅಳುಕು ಹುಟ್ಟಿತು. ಮನೆಯಲ್ಲಿ ಅವಳಿಗೆ ಮಾಡಲು ಏನೂ ಇರಲಿಲ್ಲ. ಮನೆಯ ಗೋಡೆಯ ಮೇಲಿದ್ದುದು ಒಂದೇ ಗಡಿಯಾರ, ಅದೂ ಸರಿಯಾಗಿಯೇ ಓಡುತ್ತಿತ್ತು.

ಈ ಒಪ್ಪಂದವಾಗಿ ತಿಂಗಳಾಗಿರಲಿಲ್ಲ, ಗಣಿತದ ಮೇಷ್ಟ್ರು ತಮ್ಮ ಕಾರನ್ನು ತಂದು ನಿಲ್ಲಿಸಿದರು. ಮೇಷ್ಟ್ರು ನಿವೃತ್ತರಾಗಿ ಹತ್ತು ವರ್ಷ, ಕಾರು ನಿವೃತ್ತಿಯಾಗಬೇಕಾಗಿದ್ದು ಅದಕ್ಕೂ ಮುಂಚೆ. ಅವರ ಜೊತೆ ಅವರ ಹೆಂಡತಿ ಇದ್ದರು. ಆಕೆ ಅದೇ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವರು, ಕುತ್ತಿಗೆಯಲ್ಲಿ ಈಗಲೂ ಸೀಟಿ ಇತ್ತು. ಡ್ಯಾಶ್‌ಬೋರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ದುಂಡಗೆ ಬರೆದ ಒಂದು ಚೀಟಿ ಅಂಟಿಸಿತ್ತು. ಮುಳ್ಳಕ್ಕ ಕನ್ನಡಕ ಏರಿಸಿ ಓದಿದಳು.

‘ಅರವತ್ತು ಅಂದರೆ ನಲವತ್ತು. ಅರ್ಧ ಅಂದರೆ ಪೂರ್ತಿ. ಖಾಲಿ ಅಂದರೆ ಅರ್ಧ. ಲೈಟ್ ಹಾಕಿದಾಗ ನೋಡಬಾರದು.’

ಇದೇನೆಂದು ಕೇಳಿದ್ದಕ್ಕೆ ಮೇಷ್ಟ್ರು ಪಾಠ ಮಾಡುವವರಂತೆ ಎದ್ದು ನಿಂತು ವಿವರಿಸಿದರು. ವೇಗದ ಮುಳ್ಳು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ, ಪೆಟ್ರೋಲಿನ ಮುಳ್ಳು ಇದ್ದುದಕ್ಕಿಂತ ಅರ್ಧ ಟ್ಯಾಂಕು ಕಡಿಮೆ ತೋರಿಸುತ್ತದೆ. ತಪ್ಪು ಪ್ರತಿದಿನ ಒಂದೇ ಥರ ಇದ್ದರೆ ಅದು ತಪ್ಪೇ ಅಲ್ಲ, ಕೂಡಿ ಕಳೆದರೆ ಉತ್ತರ ಬಂದೇ ಬರುತ್ತದೆ ಎನ್ನುವುದು ಅವರ ಸಿದ್ಧಾಂತ. ಇಪ್ಪತ್ತೆರಡು ವರ್ಷ ಗಂಡ ಹೆಂಡತಿ ಹಾಗೇ ಓಡಾಡಿದ್ದರು, ಒಂದು ದಿನವೂ ನಡುದಾರಿಯಲ್ಲಿ ನಿಂತಿರಲಿಲ್ಲ.

ಹಾಗಾದರೆ ಈಗೇಕೆ ಬಂದರು? ಹೋದ ವಾರ ಟೀಚರಮ್ಮನ ತಂಗಿ ಒಂದು ದಿನದ ಮಟ್ಟಿಗೆ ಕಾರು ಒಯ್ದಿದ್ದಳು. ಚೀಟಿಯನ್ನು ಯಾರೋ ತಮಾಷೆಗೆ ಅಂಟಿಸಿದ್ದಾರೆ ಎಂದುಕೊಂಡ ಆಕೆ ಮುಳ್ಳನ್ನೇ ನಂಬಿದಳು. ಅರವತ್ತರಲ್ಲಿ ಹೋಗುತ್ತಿದ್ದೇನೆ ಎಂದುಕೊಂಡು ನಲವತ್ತರಲ್ಲಿ ಹೋಗಿ, ಹಿಂದೆ ಒಂದು ಮೈಲಿ ಉದ್ದದ ಸಾಲು ಕಟ್ಟಿಸಿ, ಊರಿನ ಅಷ್ಟೂ ಹಾರ್ನುಗಳ ಪರಿಚಯ ಮಾಡಿಕೊಂಡಳು. ಆಮೇಲೆ ಟ್ಯಾಂಕು ಖಾಲಿ ಎಂದು ಹೆದರಿ ಬಂಕಿಗೆ ಹೋಗಿ ಪೂರ್ತಿ ತುಂಬಿಸಲು ಹೇಳಿದಳು. ಅರ್ಧ ತುಂಬಿದ್ದ ಟ್ಯಾಂಕಿಗೆ ಪೂರ್ತಿ ಟ್ಯಾಂಕು ಹಿಡಿಯುತ್ತದೆಯೇ? ಪೆಟ್ರೋಲು ಉಕ್ಕಿ ಬಂದು ಬಂಕಿನವನ ಹೊಸ ಬೂಟುಗಳಿಗೆ ಅಭ್ಯಂಜನವಾಯಿತು. ಮೀಟರ್ ಸರಿ ಮಾಡಿಸದಿದ್ದರೆ ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಕೆ ಹೇಳಿಹೋದಳು. ಮೇಷ್ಟ್ರಿಗೆ ಅದೇನೂ ದೊಡ್ಡ ನಷ್ಟವೆನಿಸಲಿಲ್ಲ, ಟೀಚರಮ್ಮ ಮಾತ್ರ ಸೀಟಿಗೆ ಕೈಹಾಕಿದರು. ಹಾಗಾಗಿ ಬಂದರು.

ಮುಳ್ಳಕ್ಕ ಮುಂದಿನ ಸೀಟಿನಲ್ಲಿ ಕೂತಳು. ಮುಳ್ಳು ಅರವತ್ತು ಎನ್ನುತ್ತಿದ್ದಾಗ ಪಕ್ಕದಲ್ಲಿ ಸೈಕಲ್ಲಿನವನೊಬ್ಬ ಬಂದು, ಮೇಷ್ಟ್ರಿಗೆ ನಮಸ್ಕಾರ ಹೇಳಿ, ಮನೆಮಂದಿಯ ಯೋಗಕ್ಷೇಮ ವಿಚಾರಿಸಿ, ಬರ್ತೀನಿ ಸಾರ್ ಎಂದು ಮುಂದೆ ಹೋದ. ಒಂದು ಕಾಯಿಲೆ ಅಲ್ಲೇ ಗೊತ್ತಾಯಿತು. ಅಂಗಡಿಗೆ ವಾಪಸು ಬಂದ ಮೇಲೆ ಲೈಟ್ ಹಾಕಿ ಎಂದಳು. ಹಾಕಿದ ಕೂಡಲೇ ಪೆಟ್ರೋಲಿನ ಮುಳ್ಳು ಇನ್ನಷ್ಟು ಕೆಳಗೆ ಕುಸಿಯಿತು. ಈ ಗಾಡಿಯ ಲೈಟು ಪೆಟ್ರೋಲು ಕುಡಿಯುತ್ತದೆ, ಅದಕ್ಕೇ ತಾವು ಕತ್ತಲಾಗುವ ಮೊದಲೇ ಮನೆ ಸೇರುವುದು ಎಂದು ಮೇಷ್ಟ್ರು ತಿಳಿಸಿದರು. ಮುಳ್ಳಕ್ಕನ ಕಿವಿ ನೆಟ್ಟಗಾಯಿತು.

“ಡಿಕ್ಕಿ ತೆಗೀರಿ ಮೇಷ್ಟ್ರೇ.”

“ಮೀಟರ್ ಮುಂದಿದೆಯಲ್ಲಾ ಮುಳ್ಳಕ್ಕ.”

“ಮುಂದಿರೋದು ಬಾಯಿ. ಹೊಟ್ಟೆ ಇರೋದು ಹಿಂದೆ.”

ಡಿಕ್ಕಿಯ ನೆಲಹಾಸು ಎತ್ತಿದರೆ ಟ್ಯಾಂಕಿನ ನೆತ್ತಿ ಕಂಡಿತು. ಪೆಟ್ರೋಲು ಎಷ್ಟಿದೆ ಎಂದು ಮುಳ್ಳಿಗೆ ಹೇಳಿಕಳಿಸುವ ತಂತಿ ಅಲ್ಲಿತ್ತು. ಮುಳ್ಳಕ್ಕ ಅದನ್ನು ಕಳಚಿ, ಕಾರಿನ ಮೈಯ ಹೊಳೆಯುವ ಕಬ್ಬಿಣಕ್ಕೆ ಒಂದು ಕ್ಷಣ ಮುಟ್ಟಿಸಿದಳು. ಮುಂದೆ ಕೂತಿದ್ದ ಸೊಸೆ, ಮುಳ್ಳು ಪೂರ್ತಿ ಮೇಲೇರಿತು ಎಂದು ಕೂಗಿ ಹೇಳಿದಳು. ಅಂದರೆ ಮೀಟರೂ ಸರಿ, ತಂತಿಯೂ ಸರಿ. ಇನ್ನು ಉಳಿದದ್ದು ಕರೆಂಟು ತಿರುಗಿ ಹೋಗುವ ದಾರಿ, ಅಂದರೆ ಅರ್ಥಿಂಗು. ತಂತಿ ಹಿಡಿದು ಹುಡುಕುತ್ತಾ ಹೋದರೆ ಮೂಲೆಯಲ್ಲಿ ಒಂದೇ ಒಂದು ಸ್ಕ್ರೂ ಸಿಕ್ಕಿತು. ಟ್ಯಾಂಕಿನ ಅರ್ಥಿಂಗೂ ಹಿಂದಿನ ಲೈಟುಗಳ ಅರ್ಥಿಂಗೂ ಅದೊಂದರ ಕೆಳಗೇ ಸೇರಿದ್ದವು. ತುಕ್ಕು ತಿಂದು ಅದು ಒಣಗಿದ ದ್ರಾಕ್ಷಿಯ ಹಾಗಾಗಿತ್ತು. ಲೈಟು ಹಾಕಿದಾಗಲೆಲ್ಲ ಆ ಕಿರಿದಾದ ಬಾಗಿಲಲ್ಲಿ ಇಬ್ಬರೂ ನುಗ್ಗಿ, ಪೆಟ್ರೋಲಿನ ಮುಳ್ಳು ಬಡಪಾಯಿ ಹಿಂದೆ ಬೀಳುತ್ತಿತ್ತು. ಇಪ್ಪತ್ತೆರಡು ವರ್ಷದ ಗಣಿತವೆಲ್ಲ ಆ ಒಂದು ಸ್ಕ್ರೂವಿನ ಕೂಸು.

ಸೊಸೆ ಆ ಜಾಗವನ್ನು ಮರಳು ಕಾಗದದಿಂದ ಕನ್ನಡಿಯಾಗುವ ತನಕ ಉಜ್ಜಿ ಹೊಸ ಸ್ಕ್ರೂ ಹಾಕಿದಳು. ವೇಗದ ಮೀಟರನ್ನು ಮುಳ್ಳಕ್ಕ ತಾನೇ ಬಿಚ್ಚಿದಳು. ಒಳಗೆ ಕೂದಲೆಳೆಯಂಥ ಸ್ಪ್ರಿಂಗು ವಯಸ್ಸಾಗಿ ಸಡಿಲಗೊಂಡಿತ್ತು, ಮುಳ್ಳನ್ನು ಹಿಡಿದೆಳೆಯುವ ತ್ರಾಣ ಅದಕ್ಕಿರಲಿಲ್ಲ. ಅಪ್ಪನ ಚಿಮಟದಲ್ಲಿ ಅದನ್ನು ಒಂದಿಷ್ಟು ಬಿಗಿಮಾಡಿದಳು. ಆಗ ಅವಳು ಉಸಿರು ಬಿಗಿಹಿಡಿದದ್ದು ಎಷ್ಟು ಹೊತ್ತೆಂದರೆ, ಕಾದು ಕೂತಿದ್ದ ಮೇಷ್ಟ್ರಿಗೆ ಎರಡು ಸಲ ಗಡ್ಡ ಬೆಳೆಯಬಹುದಿತ್ತು. ಆಮೇಲೆ ಹೆದ್ದಾರಿಗೆ ಹೋಗಿ, ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಗಡಿಯಾರ ಹಿಡಿದು ನೋಡಿದರು. ಮುಳ್ಳು ನಲವತ್ತರ ಮೇಲಿದ್ದಾಗ ಸರಿಯಾಗಿ ತೊಂಬತ್ತು ಸೆಕೆಂಡು ಹಿಡಿಯಿತು. ಕೂದಲಷ್ಟೂ ವ್ಯತ್ಯಾಸವಿಲ್ಲ.

“ಇನ್ಮೇಲೆ ಮುಳ್ಳು ಹೇಳಿದ್ದೇ ಸತ್ಯ. ಕೂಡೋದು ಕಳೆಯೋದು ಏನೂ ಬೇಡ” ಎಂದು ಮುಳ್ಳಕ್ಕ ಹೇಳಿದಳು. ಮೇಷ್ಟ್ರು ತಲೆಯಾಡಿಸಿ ಚೀಟಿಯನ್ನು ಕಿತ್ತು, ನಾಲ್ಕಾಗಿ ಮಡಚಿ, ಜೇಬಿನಲ್ಲಿಟ್ಟುಕೊಂಡರು.

ಆಮೇಲಿನ ಎರಡು ವಾರ ಮುಳ್ಳಕ್ಕನ ಕಿವಿಗೆ ಬಿದ್ದದ್ದೆಲ್ಲ ಹೊಗಳಿಕೆಯೇ. ಮೇಷ್ಟ್ರ ಕಾರಿಗೆ ಹರೆಯ ಬಂದಿದೆ ಎಂದು ತರಕಾರಿಯವಳು ಹೇಳಿದಳು. ಟೀಚರಮ್ಮ ಕಟ್ಟಿದ ತುರುಬು ಮಾರ್ಕೆಟ್ಟು ತಲುಪುವಷ್ಟರಲ್ಲಿ ಜಡೆಯಾಗಿರುತ್ತದೆ, ಸೈಕಲ್ಲಿನವನಿಗೆ ಈಗ ನಮಸ್ಕಾರ ಹೇಳಲೂ ಪುರುಸೊತ್ತು ಸಿಗುವುದಿಲ್ಲ ಎಂದು ಸುದ್ದಿ. ಮೇಷ್ಟ್ರೇ ಫೋನ್ ಮಾಡಿ, ಟ್ಯಾಂಕು ತುಂಬಿಸಿದೆ, ಈಗ ಒಂದೂವರೆ ಟ್ಯಾಂಕು ಹಿಡಿಯುತ್ತಿದೆ, ಅದು ಹೇಗೆ ಮಾಡಿದಿರಿ ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೆಂದು ಮುಳ್ಳಕ್ಕ ನಕ್ಕಳು. ಅವರೂ ನಕ್ಕರು. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ನಕ್ಕದ್ದು ಆಗ ಇಬ್ಬರಿಗೂ ತಿಳಿಯಲಿಲ್ಲ.

ಹದಿನೆಂಟನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಮತ್ತೆ ಫೋನ್ ಬಂತು.

“ಮುಳ್ಳಕ್ಕ, ದೊಡ್ಡ ಅಂಚೆ ಕಚೇರಿ ಮುಂದೆ ಗಾಡಿ ನಿಂತುಬಿಟ್ಟಿದೆ. ಅರ್ಧ ಟ್ಯಾಂಕ್ ಇದೆ ಅಂತ ಮುಳ್ಳು ಹೇಳ್ತಿದೆ, ಒಂದು ತೊಟ್ಟೂ ಇಲ್ಲ ಅಂತ ಎಂಜಿನ್ ಹೇಳ್ತಿದೆ. ಬೋರ್ಡಿನ ವಿಷಯ ನಾನಂತೂ ಎತ್ತೋದಿಲ್ಲ.”

ಎತ್ತುವುದಿಲ್ಲ ಎಂದು ಹೇಳಿಯೇ ಎತ್ತಿದ್ದರು. ಮುಳ್ಳು ಅರ್ಧ ಎನ್ನುತ್ತದೆ, ಟ್ಯಾಂಕು ಖಾಲಿ ಎಂದರೆ, ಅದು ಅವಳು ಸರಿ ಮಾಡಿಕೊಟ್ಟ ಮುಳ್ಳು. ಅಪ್ಪನ ಚಿಮಟವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟಳು. ಕೂತ ಸ್ಟೂಲನ್ನು ಮೇಜಿನ ಕೆಳಗೆ ಸರಿಸಿದಳು. ಈ ಕೆಲಸವನ್ನು ಅವಳು ದಿನಾ ಸಂಜೆ ಮಾಡುತ್ತಿದ್ದುದು, ಬೆಳಗ್ಗೆ ಹನ್ನೊಂದಕ್ಕಲ್ಲ. ಸೊಸೆ ಏನಾದರೂ ಅಂದಿದ್ದರೆ ಎದುರು ಮಾತಾಡಿ ಹಗುರಾಗಬಹುದಿತ್ತು. ಆದರೆ ದಿನಕ್ಕೆ ನಾಲ್ಕು ಸಲ ಚುಚ್ಚುತ್ತಿದ್ದ ಆ ನಾಲಿಗೆಗೆ ಅಂದು ಬೀಗ ಬಿದ್ದಿತ್ತು. ಅವಳು ಸ್ಕೂಟರ್ ಹೊರಗೆ ತಂದಳು. ಮುಳ್ಳಕ್ಕ ಹಿಂದೆ ಕೂತು, ದಾರಿಯುದ್ದಕ್ಕೂ ತನ್ನ ಮಂಡಿಗಳನ್ನೇ ನೋಡಿಕೊಂಡಳು.

ಅಂಚೆ ಕಚೇರಿಯ ಮುಂದೆ ಕಾರಿನ ಸುತ್ತ ಆಗಲೇ ಅರ್ಧ ಊರು ಸೇರಿತ್ತು, ಉಳಿದರ್ಧ ಚಪ್ಪಲಿ ಹುಡುಕುತ್ತಿತ್ತು. ಕ್ಷೌರದವನು ಪ್ಲಗ್ಗು ಎಂದ, ದರ್ಜಿ ಬ್ಯಾಟರಿ ಎಂದ. ಅಂಚೆಯವನು ಏನೂ ಹೇಳದೆ ಬಾನೆಟ್ಟಿನ ಮೇಲೆ ಕಾಗದಗಳನ್ನು ಬೀದಿವಾರು ಜೋಡಿಸಿಕೊಳ್ಳುತ್ತಿದ್ದ. ಟೀಚರಮ್ಮ ಸೀಟಿ ಊದಿ ಮುಳ್ಳಕ್ಕನಿಗೆ ದಾರಿ ಬಿಡಿಸಿದರು.

ಮುಳ್ಳಕ್ಕ ಮೊದಲು ಡಿಕ್ಕಿ ತೆಗೆಸಿದಳು. ಸ್ಕ್ರೂ ಬಿಗಿಯಾಗಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆರಳು ಮಡಚಿ ಟ್ಯಾಂಕನ್ನು ತಟ್ಟಿದಳು. ಬರಿದಾದ ಹಂಡೆಯ ಸದ್ದು ಬಂತು. ಮುಂದಿನ ಬಾಗಿಲಿಗೆ ಬಂದು ಬಗ್ಗಿ, ಕೀ ತಿರುಗಿಸಿ, ಮುಳ್ಳನ್ನು ನೋಡಿದಳು. ಮತ್ತೆ ಕನ್ನಡಕ ಒರೆಸಿಕೊಂಡು ನೋಡಿದಳು.

“ಮೇಷ್ಟ್ರೇ, ಮುಳ್ಳು ಎಲ್ಲಿದೆ?”

“ಖಾಲಿ ಅನ್ನೋ ಗೆರೆ ಮೇಲಿದೆ.”

“ಹಾಗಂದ್ರೆ?”

“ಹಾಗಂದ್ರೆ ಅರ್ಧ ಟ್ಯಾಂಕ್ ಇದೆ ಅಂತ” ಎಂದರು ಮೇಷ್ಟ್ರು, ಒಂದನೇ ತರಗತಿಯ ಲೆಕ್ಕ ಕೇಳಿದ್ದಕ್ಕೆ ಸ್ವಲ್ಪ ಬೇಸರಪಟ್ಟುಕೊಂಡು.

“ಅರ್ಧ ಎಲ್ಲಿಂದ ಬಂತು ರೀ?” ಎಂದು ಟೀಚರಮ್ಮ ತಡೆದರು. “ಮುಳ್ಳು ಗೆರೆ ಮುಟ್ಟಿದ್ದು ನಿನ್ನೆ. ಆಮೇಲೆ ನಮ್ಮ ತಂಗಿ ಮನೆಗೆ ಹೋಗಿ ಬಂದಿಲ್ವಾ? ಅದನ್ನ ಕಳೀರಿ. ಕಾಲು ಟ್ಯಾಂಕ್ ಮೇಲೆ ಚೂರು ಇರುತ್ತೆ.”

“ನಿನ್ನ ತಂಗಿ ಮನೆಗೆ ಅಷ್ಟು ಪೆಟ್ರೋಲ್ ಬೇಕಾಗಲ್ಲ ಕಣೇ. ಹೋಗ್ತಾ ಇಳಿಜಾರು.”

“ಬರ್ತಾ ಏರು ಅಲ್ವಾ?”

ಗಂಡ ಹೆಂಡತಿ ಇಬ್ಬರೂ ಆಳವಾದ ಪ್ರಾಮಾಣಿಕತೆಯಿಂದ, ಇಲ್ಲದ ಪೆಟ್ರೋಲನ್ನು ಬಿಂದು ಬಿಂದುವಾಗಿ ಲೆಕ್ಕ ಹಾಕತೊಡಗಿದರು. ಇಪ್ಪತ್ತೆರಡು ವರ್ಷದ ಅಭ್ಯಾಸ. ಚೀಟಿ ಜೇಬಿಗೆ ಹೋಗಿತ್ತು, ಕಣ್ಣಿನಿಂದ ಹೋಗಿರಲಿಲ್ಲ. ಮುಳ್ಳಕ್ಕ ಕಾರಿಗೊರಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ತುರುಬು ಜಡೆಯಾದದ್ದು, ಸೈಕಲ್ಲಿನವನು ಹಿಂದೆ ಬಿದ್ದದ್ದು, ಒಂದೂವರೆ ಟ್ಯಾಂಕು, ಒಂದೊಂದೂ ಅವಳ ತಲೆಯಲ್ಲಿ ಹಲ್ಲಿಗೆ ಹಲ್ಲು ಕೂಡಿದ ಚಕ್ರಗಳಂತೆ ತಿರುಗಿದವು. ಮುಳ್ಳು ಅರವತ್ತು ಎಂದರೆ ಮೇಷ್ಟ್ರು ಈಗಲೂ ನಲವತ್ತು ಎಂದೇ ಓದಿಕೊಂಡು, ನಿಜವಾದ ಅರವತ್ತರಲ್ಲಿ ಹೆಂಡತಿಯನ್ನು ಊರೆಲ್ಲ ಹಾರಿಸಿಕೊಂಡು ತಿರುಗಿದ್ದರು.

“ಮೇಷ್ಟ್ರೇ,” ಎಂದಳು ಮೆಲ್ಲಗೆ, “ಆ ಮುಳ್ಳು ನಿನ್ನೆಯಿಂದ ಖಾಲಿ ಖಾಲಿ ಅಂತ ಬಡ್ಕೊಳ್ತಾ ಇದೆ. ನಿಮಗೆ ಅದು ಕೇಳಿಸಿದ್ದು ಅರ್ಧ ಅಂತ.”

ಮೇಷ್ಟ್ರು ಮುಳ್ಳನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಜೇಬು ಮುಟ್ಟಿಕೊಂಡರು. ಮೊದಲು ನಕ್ಕವರು ಟೀಚರಮ್ಮ. ನಗುವಾಗ ಬಾಯಲ್ಲಿ ಸೀಟಿ ಇದ್ದುದರಿಂದ ಆ ನಗು ಪೀಪೀ ಎಂದು ಹೊರಬಂದು, ಎರಡು ಬೀದಿಯಾಚೆಗಿನ ಪೊಲೀಸಿನವನು ಪಾಪ ಬಸ್ಸೊಂದನ್ನು ತಡೆದು ನಿಲ್ಲಿಸಿದ. ಆಮೇಲೆ ದರ್ಜಿ ನಕ್ಕ, ಅಂಚೆಯವನ ಕಾಗದಗಳೆಲ್ಲ ಬೀದಿವಾರು ಕೆಳಗೆ ಬಿದ್ದವು, ಕಡೆಗೆ ಮೇಷ್ಟ್ರೇ ಸ್ಟೇರಿಂಗಿಗೆ ಹಣೆ ಇಟ್ಟು ಹೊಟ್ಟೆ ಹಿಡಿದುಕೊಂಡರು. ಮುಳ್ಳಕ್ಕನ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಎಷ್ಟು ಪಾಲು ನಗೆಯದು, ಎಷ್ಟು ಪಾಲು ಇನ್ನೊಂದರದು ಎಂದು ಅಳೆಯುವ ಮೀಟರ್ ಅವಳ ಹತ್ತಿರವೂ ಇರಲಿಲ್ಲ.

ಬಂಕು ಅಲ್ಲಿಂದ ಎರಡು ಫರ್ಲಾಂಗು. ಕ್ಯಾನು ಹಿಡಿದು ಹೋಗಿ ತರುತ್ತೇನೆಂದು ಕ್ಷೌರದವನು ಹೊರಟ. ಮುಳ್ಳಕ್ಕ ಅವನನ್ನು ತಡೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಡಿಕ್ಕಿಯ ಹಿಂದೆ ಹೋಗಿ ನಿಂತಳು.

“ಅತ್ತೆ, ಮೀಟರ್ ಸರಿಯಿದೆ” ಎಂದಳು ಸೊಸೆ. ಅಂಗಡಿ ಬಿಟ್ಟ ಮೇಲೆ ಅವಳಾಡಿದ ಮೊದಲ ಮಾತು ಅದು. “ನೀವು ತಳ್ಳಬೇಕಾಗಿಲ್ಲ.”

“ಬೇಕಾಗಿಲ್ಲ ಅಂತ ಗೊತ್ತು ಕಣೇ. ಅದಕ್ಕೇ ತಳ್ತೀನಿ. ಮೂವತ್ತೆರಡು ವರ್ಷದಿಂದ ಬೋರ್ಡ್ ಹಾಕ್ಕೊಂಡು ಕೂತಿದೀನಿ, ಒಂದು ಸಲವಾದ್ರೂ ಹೇಗಿರುತ್ತೆ ಅಂತ ನೋಡಬೇಡವಾ?”

“ಮಂಡಿ?”

“ಮಂಡಿಗೂ ಆಸೆ ಇರುತ್ತೆ.”

ಸೊಸೆ ಸ್ಕೂಟರಿನ ಕೀಯನ್ನು ಅಂಚೆಯವನ ಕೈಗಿಟ್ಟು, ಅತ್ತೆಯ ಪಕ್ಕದಲ್ಲಿ ಬಂದು ನಿಂತು ಎರಡೂ ಕೈ ಡಿಕ್ಕಿಗೆ ಒತ್ತಿದಳು. ಟೀಚರಮ್ಮ ಮುಂದೆ ನಿಂತು ಸೀಟಿ ಊದಿದರು, ಎಡ ಬಲ ಎಡ ಬಲ ಎಂದು ಶುರುಮಾಡಿದರು. ಕ್ಷೌರದವನು, ದರ್ಜಿ, ಟೀಚರಮ್ಮನ ಹಳೆಯ ವಿದ್ಯಾರ್ಥಿಗಳು ಹನ್ನೆರಡು ಮಂದಿ, ಸೀಟಿ ಕೇಳಿದ ಕೂಡಲೇ ಕಾಲು ತಾನಾಗಿಯೇ ಹೆಜ್ಜೆ ಹಾಕಿ ಸೇರಿಕೊಂಡರು. ಆ ಕಾರು ಪೆಟ್ರೋಲಿನಲ್ಲಿ ಅಷ್ಟು ಜೋರಾಗಿ ಎಂದೂ ಓಡಿರಲಿಲ್ಲ. ಮುಳ್ಳಕ್ಕನ ಅಂಗೈ ಡಿಕ್ಕಿಯ ಮೇಲಿತ್ತು ಎನ್ನುವುದು ನಿಜ. ಅವಳು ಕಾರನ್ನು ತಳ್ಳುತ್ತಿದ್ದಳೋ ಕಾರೇ ಅವಳನ್ನು ಎಳೆದುಕೊಂಡು ಹೋಗುತ್ತಿತ್ತೋ ಎನ್ನುವುದನ್ನು ಆ ಬೀದಿ ಇವತ್ತಿಗೂ ಚರ್ಚಿಸುತ್ತದೆ. ಮೇಷ್ಟ್ರು ಒಳಗೆ ಕೂತು, ಮುಳ್ಳು ಎಂಟರ ಮೇಲಿದೆ, ಎಂಟು ಅಂದರೆ ಎಂಟೇ ಎಂದು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದರು.

ಬಂಕಿನವನು ದೂರದಿಂದಲೇ ಕಾರನ್ನು ಗುರುತು ಹಿಡಿದು, ಬೂಟು ಬಿಚ್ಚಿ ಕಿಟಕಿಯ ಮೇಲಿಟ್ಟು ಬರಿಗಾಲಲ್ಲಿ ಬಂದ. ಪೆಟ್ರೋಲು ತುಂಬಿತು. ಮುಳ್ಳು ನಿಧಾನಕ್ಕೆ ಮೇಲೇರಿ ತುದಿಯ ಗೆರೆಗೆ ಬಂದು ನಿಂತಿತು.

“ಎಷ್ಟು ಮೇಷ್ಟ್ರೇ?” ಎಂದಳು ಮುಳ್ಳಕ್ಕ.

“ಪೂರ್ತಿ.”

“ಪೂರ್ತಿ ಅಂದ್ರೆ?”

ಮೇಷ್ಟ್ರು ಹಣೆಯ ಬೆವರು ಒರೆಸಿಕೊಂಡರು. “ಪೂರ್ತಿ ಅಂದ್ರೆ ಪೂರ್ತಿ.”

“ಒಂದೂವರೆ” ಎಂದು ಕಿಟಕಿಯಾಚೆಯಿಂದ ಟೀಚರಮ್ಮ ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಆವತ್ತು ಸಂಜೆ ಸೊಸೆ ಏಣಿ ತಂದು ಬಾಗಿಲಿಗೆ ಒರಗಿಸಿದಳು, ಹತ್ತಿ ಬೋರ್ಡನ್ನು ಇಳಿಸಿದಳು. ಮುಳ್ಳಕ್ಕ ನೋಡುತ್ತಾ ನಿಂತಳು. ಮೀಟರ್ ತಪ್ಪು ತೋರಿಸಿದ್ದರೆ ತಾನೇ ಬೋರ್ಡ್ ಇಳಿಸಬೇಕಾದದ್ದು ಎಂದು ವಾದಿಸಬಹುದಿತ್ತು. ಆದರೆ ಒಂದು ಕಾರು ತಳ್ಳಿದ್ದಂತೂ ನಿಜ, ಊರೆಲ್ಲ ನೋಡಿದೆ. ಚಿಮಟದ ಡಬ್ಬಿಯನ್ನು ಎದೆಗವಚಿಕೊಂಡು ಒಳಗೆ ಹೋಗಿ ಕೂತಳು. ಹೊರಗಿನಿಂದ ಬಣ್ಣದ ವಾಸನೆ ಬಂತು. ಆಮೇಲೆ ಸುತ್ತಿಗೆಯ ಸದ್ದು. ಆಮೇಲೆ ಸೊಸೆ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಾರಿನ ಸೀಟೊಂದನ್ನು ಎಳೆದು ತಂದು ಅತ್ತೆಯ ಕಾಲ ಬಳಿ ಹಾಕಿದಳು.

“ಇನ್ಮೇಲೆ ಮಂಡಿ ಊರೋದಿದ್ರೆ ಇದರ ಮೇಲೆ ಊರಿ. ಬರಿ ನೆಲದ ಮೇಲೆ ಕಂಡ್ರೆ ನಾನು ಸುಮ್ಮನಿರೋದಿಲ್ಲ.”

ಮುಳ್ಳಕ್ಕ ಎದ್ದು ಹೊರಗೆ ಹೋಗಿ ತಲೆಯೆತ್ತಿ ನೋಡಿದಳು. ಹಳೆಯ ಸಾಲುಗಳೇ, ಹೊಸ ನೀಲಿ ಬಣ್ಣದಲ್ಲಿ ಬೀದಿಯ ತುದಿಗೂ ಕಾಣುವಂತೆ ಎದ್ದು ನಿಂತಿದ್ದವು. ‘ಮನೆ ತನಕ ನಾನೇ ತಳ್ಳುತ್ತೇನೆ’ ಎಂಬುದರ ಕೆಳಗೆ ಇನ್ನೂ ಹಸಿಯಾಗಿದ್ದ ಹೊಸ ಸಾಲೊಂದಿತ್ತು: ‘ಜೊತೆಗೆ ಸೊಸೆಯೂ ಬರುತ್ತಾಳೆ.’

ಅಷ್ಟು ಹೊತ್ತಿಗೆ ಮೇಷ್ಟ್ರ ಕಾರು ಆ ದಾರಿಯಾಗಿ ಬಂತು. ಮುಳ್ಳು ನಲವತ್ತರ ಮೇಲಿತ್ತು, ಕಾರೂ ನಲವತ್ತರಲ್ಲೇ ಇತ್ತು, ಟೀಚರಮ್ಮನ ತುರುಬು ಕಟ್ಟಿದ ಹಾಗೇ ಇತ್ತು. ಪಕ್ಕದಲ್ಲಿ ಸೈಕಲ್ಲಿನವನು ಮನೆಮಂದಿಯ ಯೋಗಕ್ಷೇಮವನ್ನೆಲ್ಲ ವಿಚಾರಿಸಿ ಮುಗಿಸಿ, ಬರ್ತೀನಿ ಸಾರ್ ಎಂದು ಮುಂದೆ ಹೋದ.